ನಿರ್ಜನ ದ್ವೀಪದ ಕಡಲತೀರಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೋಟೆಲ್ ಇಲ್ಲ, ಅಂಗಡಿ ಇಲ್ಲ, ಲೈಫ್‌ಗಾರ್ಡ್ ಇಲ್ಲ, ಜೆಟ್ಟಿ ಕೂಡ ಇಲ್ಲ. ದೋಣಿಯಲ್ಲಿ ಹೋಗಬೇಕು, ದೋಣಿಯಲ್ಲೇ ವಾಪಸ್ ಬರಬೇಕು. ಉಷ್ಣವಲಯದ ದೂರದ ದ್ವೀಪಗಳಲ್ಲಿ ಇಂಥ ಕಡಲತೀರಗಳು ಈಗಲೂ ಇವೆ. ಅಲ್ಲಿಗೆ ಹೊರಟವರು ಸಾಮಾನ್ಯವಾಗಿ ಕೇಳುವುದು ಹೋಗುವ ಬಗ್ಗೆ. ನನ್ನ ಉತ್ತರಗಳು ಮಾತ್ರ ಸುತ್ತಿ ಬಳಸಿ ವಾಪಸ್ ಬರುವ ಬಗ್ಗೆಯೇ ಇರುತ್ತವೆ. ಹೋಗುವುದು ಸುಲಭ. ಕಷ್ಟ ಇರುವುದು ಆಮೇಲೆ.

ಯಾರೂ ಇಲ್ಲದ ದ್ವೀಪ ತಾನೇ, ಅನುಮತಿ ಯಾಕೆ?

ಅಲ್ಲಿ ಯಾರೂ ವಾಸ ಇಲ್ಲ ಅಂದಮಾತ್ರಕ್ಕೆ ಅದು ಯಾರದ್ದೂ ಅಲ್ಲ ಅಂತ ಅರ್ಥವಲ್ಲ. ವನುವಾಟು ದೇಶದ ಸಂವಿಧಾನವೇ ಅಲ್ಲಿನ ನೆಲವೆಲ್ಲ ಮೂಲ ಒಡೆಯರದ್ದು, ಅವರ ಮಕ್ಕಳು ಮೊಮ್ಮಕ್ಕಳದ್ದು ಅನ್ನುತ್ತದೆ. ಫಿಜಿಯಲ್ಲಿ ಹತ್ತಿರ ಹತ್ತಿರ ಶೇ. 90ರಷ್ಟು ನೆಲ ಮೂಲನಿವಾಸಿ ಕುಲಗಳ ಹೆಸರಿನಲ್ಲಿದೆ. ನಮ್ಮ ಕಣ್ಣಿಗೆ ಖಾಲಿ ಮರಳುದಂಡೆ. ಪಕ್ಕದ ದ್ವೀಪದವರಿಗೆ ಅದೇ ತೆಂಗಿನ ತೋಟ, ಮೀನು ಹಿಡಿಯುವ ಜಾಗ, ಕೆಲವೊಮ್ಮೆ ಹಿರಿಯರ ಸಮಾಧಿ. ಹಾಗಾಗಿ ಮೊದಲು ಹೋಗಬೇಕಾದ್ದು ಆ ಊರಿಗೆ. ಫಿಜಿಯ ಹಳ್ಳಿಗಳಲ್ಲಿ ಯಂಗೋನಾ (ಕಾವಾ ಅನ್ನುವ ಪಾನೀಯ ಮಾಡುವ ಗಿಡ) ಬೇರಿನ ಕಟ್ಟನ್ನು ಊರಿನ ಮುಖ್ಯಸ್ಥರ ಮುಂದಿಟ್ಟು ಕೇಳುವ ಪದ್ಧತಿ ಇದೆ. ಊರೊಳಗೆ ಟೋಪಿ ತೆಗೆಯಬೇಕು, ಭುಜ ಮುಚ್ಚಿರಬೇಕು. ಇದನ್ನು ಸುಮ್ನೆ ಶಾಸ್ತ್ರ ಅಂದುಕೊಳ್ಳಬೇಡಿ. ಸಂಜೆ ನೀವು ವಾಪಸ್ ಬರದಿದ್ದರೆ ಹುಡುಕಿಕೊಂಡು ಬರುವವರು ಅದೇ ಊರಿನವರು.

ಕೆಲವು ಕಡೆ ನಿಯಮ ಇನ್ನೂ ಬಿಗಿ. ಗಲಾಪಗೋಸ್‌ನ ಬಹುಪಾಲು ಜಾಗಗಳಲ್ಲಿ ಪರವಾನಗಿ ಪಡೆದ ಗೈಡ್ ಜೊತೆಗಿರಲೇಬೇಕು. ಸೇಶೆಲ್ಸ್‌ನ ಅಲ್ಡಾಬ್ರಾ 1982ರಿಂದ ವಿಶ್ವ ಪರಂಪರೆಯ ತಾಣ, ಅಲ್ಲಿಗೆ ಮುಂಚಿತವಾಗಿ ಅನುಮತಿ ಪಡೆಯದೆ ಕಾಲಿಡುವಂತಿಲ್ಲ. ಅಂಡಮಾನ್‌ನ ಉತ್ತರ ಸೆಂಟಿನೆಲ್ ದ್ವೀಪಕ್ಕಂತೂ ಹೋಗುವ ಮಾತೇ ಇಲ್ಲ. ಮೂಲನಿವಾಸಿಗಳ ರಕ್ಷಣೆಗೆಂದು 1956ರಲ್ಲೇ ಕಾಯ್ದೆ ಬಂದಿದೆ. ಹೊರಗಿನವರು ತಂದ ಸಣ್ಣ ನೆಗಡಿಯೂ ಅಲ್ಲಿನವರ ಜೀವಕ್ಕೆ ಕುತ್ತಾಗಬಹುದು. ಅಂಥ ಕಡೆ ಗುಟ್ಟಾಗಿ ಹೋಗಿಬಂದೆ ಅಂತ ಯಾರಾದರೂ ಜಂಬ ಕೊಚ್ಚಿಕೊಂಡರೆ ಅದರಲ್ಲಿ ಸಾಹಸ ಏನೂ ಇಲ್ಲ.

ಯಾವ ತಿಂಗಳು ಒಳ್ಳೆಯದು?

ಜಾಗದ ಮೇಲೆ ಹೋಗುತ್ತದೆ. ದಕ್ಷಿಣ ಪೆಸಿಫಿಕ್‌ನಲ್ಲಿ, ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್. ಭೂಮಧ್ಯರೇಖೆಗೆ ತೀರಾ ಹತ್ತಿರ, ಅಂದರೆ ಸುಮಾರು 5 ಡಿಗ್ರಿ ಒಳಗೆ, ಚಂಡಮಾರುತ ಹುಟ್ಟುವುದು ಬಹಳ ಅಪರೂಪ. ಗಾಳಿಯನ್ನು ಸುತ್ತುವಂತೆ ಮಾಡುವ ಭೂಮಿಯ ತಿರುಗುವಿಕೆಯ ಪರಿಣಾಮ ಅಲ್ಲಿ ತುಂಬಾ ಕಡಿಮೆ, ಅದಕ್ಕೆ.

ತಿಂಗಳಿಗಿಂತ ಜಾಸ್ತಿ ನೋಡಬೇಕಾದ್ದು ದ್ವೀಪದ ಯಾವ ಮಗ್ಗುಲಿಗೆ ಹೋಗುತ್ತಿದ್ದೀರಿ ಅನ್ನುವುದನ್ನು. ಗಾಳಿ ಬಂದು ಹೊಡೆಯುವ ಮಗ್ಗುಲಲ್ಲಿ ಅಲೆ ಜೋರು, ಮರೆಯ ಮಗ್ಗುಲಲ್ಲಿ ಅದೇ ಹೊತ್ತಿಗೆ ನೀರು ಶಾಂತ. ಗಾಳಿಯ ದಿಕ್ಕು ಋತುವಿಗೆ ತಕ್ಕಂತೆ ತಿರುಗುವ ಕಡೆ, ಇವತ್ತಿನ ಒಳ್ಳೆಯ ತೀರ ಆರು ತಿಂಗಳಿಗೆ ಇಳಿಯಲಾಗದ ತೀರ. ಇನ್ನೊಂದು ವಿಷಯ: ಸಾವಿರಾರು ಕಿಲೋಮೀಟರ್ ದೂರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಬಂದು ಇಲ್ಲಿ ಬಡಿಯುತ್ತವೆ. ಆಕಾಶ ತಿಳಿಯಾಗಿದೆ, ಗಾಳಿ ಇಲ್ಲ, ಆದರೂ ದೋಣಿಯವರು ಇವತ್ತು ಬೇಡ ಅಂದರೆ ಅದಕ್ಕೆ ಕಾರಣ ಇರುತ್ತದೆ. ಅವರ ಜೊತೆ ವಾದ ಮಾಡಬೇಡಿ.

ಭರತ-ಇಳಿತದ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ?

ಬೇಕು. ಇಡೀ ದಿನದ ಲೆಕ್ಕ ಅದರ ಮೇಲೆಯೇ ನಿಂತಿದೆ.

ಈ ದ್ವೀಪಗಳಲ್ಲಿ ಬಹಳಷ್ಟಕ್ಕೆ ಸುತ್ತಲೂ ಹವಳದ ದಿಬ್ಬ ಇರುತ್ತದೆ. ಭರತ ಇರುವಾಗ ದೋಣಿ ಅದರ ಮೇಲಿಂದಲೇ ತೇಲಿ ದಡಕ್ಕೆ ಬರುತ್ತದೆ. ಇಳಿತ ಬಂತು ಅಂದರೆ ಅದೇ ದಿಬ್ಬ ಮೊಣಕಾಲು ನೀರಿನಲ್ಲಿ ಚೂಪು ಹವಳ ಚಾಚಿಕೊಂಡು ನಿಂತಿರುತ್ತದೆ. ಆಗ ದೋಣಿ ಒಳಗೂ ಬರಲ್ಲ, ಒಳಗಿರುವ ದೋಣಿ ಹೊರಗೂ ಹೋಗಲ್ಲ. ಹೆಚ್ಚಿನ ಕಡೆ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ನೀರು ಇಡೀ ಆರು ಗಂಟೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಮೊದಲ ಗಂಟೆ ನಿಧಾನ, ನಡುವಿನ ಎರಡು ಗಂಟೆಯಲ್ಲಿ ಅರ್ಧಕ್ಕರ್ಧ ನೀರು ಸರಿದುಹೋಗುತ್ತದೆ. ‘ಇನ್ನೂ ಬೇಕಾದಷ್ಟು ನೀರಿದೆ, ಒಂದರ್ಧ ಗಂಟೆ ಬಿಟ್ಟು ಹೊರಡೋಣ’ ಅನ್ನುವವರು ಸಿಕ್ಕಿಬೀಳುವುದು ಇಲ್ಲಿಯೇ.

ಮರುದಿನ ಅದೇ ಭರತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಿನ್ನೆ ಹೋದವರು ಹೇಳಿದ ಸಮಯ ಇವತ್ತಿಗೆ ಸರಿಹೋಗಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿಯ ಹೊತ್ತಿಗೆ ಕಡಿಮೆ. ಇದೂ ಎಲ್ಲ ಕಡೆ ಒಂದೇ ಥರ ಅಲ್ಲ. ವಾಯವ್ಯ ಆಸ್ಟ್ರೇಲಿಯಾದ ಕಿಂಬರ್ಲಿ ಕರಾವಳಿಯಲ್ಲಿ ನೀರು 10 ಮೀಟರ್‌ಗೂ ಜಾಸ್ತಿ ಏರಿಳಿಯುತ್ತದೆ. ತಾಹಿತಿಯಲ್ಲಿ ಒಂದಡಿಯ ಆಸುಪಾಸು ಅಷ್ಟೇ, ಅದೂ ಭರತ ಬರುವುದು ದಿನಾ ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಹೊತ್ತಿಗೆ. ಚಂದ್ರನ ಸೆಳೆತ ಅಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ, ಸೂರ್ಯನದ್ದೇ ಕಾರುಬಾರು. ಹಾಗಾಗಿ ನೀವು ಹೋಗುವ ಜಾಗದ್ದೇ ಭರತದ ಪಟ್ಟಿ ನೋಡಿ, ಪಕ್ಕದ ದೇಶದ್ದಲ್ಲ.

ಬಂಡೆಯ ಮೂಲೆ ಸುತ್ತಿಕೊಂಡು ಮುಂದಿನ ಕೊಲ್ಲಿಗೆ ನಡೆದು ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಇಳಿತದಲ್ಲಿ ಅಲ್ಲಿ ದಾರಿ ಇರುತ್ತದೆ, ಭರತದಲ್ಲಿ ಇರುವುದಿಲ್ಲ. ನೀರು ಇನ್ನೂ ಇಳಿಯುತ್ತಿರುವಾಗಲೇ ಹೋಗಿ, ಏರುವುದಕ್ಕೆ ಮುಂಚೆ ಬಂದುಬಿಡಿ.

ಜೆಟ್ಟಿ ಇಲ್ಲದ ಕಡೆ ದೋಣಿಯಿಂದ ಇಳಿಯುವುದು ಹೇಗೆ?

ಪೆಟ್ಟು ಬೀಳುವುದು ಹೆಚ್ಚಾಗಿ ಈ ಎರಡು ನಿಮಿಷದಲ್ಲೇ. ದೋಣಿಯವರು ಅಲೆ ಒಡೆಯುವ ಜಾಗದ ಹೊರಗೆ ಸ್ವಲ್ಪ ಹೊತ್ತು ಸುಮ್ನೆ ನಿಂತಿರುತ್ತಾರೆ. ಯಾಕೆ ನಿಂತರು ಅಂತ ಚಡಪಡಿಸಬೇಡಿ, ಅವರು ಅಲೆ ಎಣಿಸುತ್ತಿರುತ್ತಾರೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಅವು ಹೋದಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಇಂಜಿನ್ ಏರಿಸಿ ಒಳಗೆ ನುಗ್ಗುತ್ತಾರೆ. ಮೂಗು ಮರಳಿಗೆ ತಾಗಿದ ತಕ್ಷಣ ಇಂಜಿನ್ ಎತ್ತುತ್ತಾರೆ. ‘ಇಳೀರಿ’ ಅಂದಾಗ ಇಳಿಯಬೇಕು. ಅದಕ್ಕೆ ಮುಂಚೆಯೂ ಅಲ್ಲ, ಫೋನ್ ಹುಡುಕಿಕೊಂಡು ಆಮೇಲೆಯೂ ಅಲ್ಲ.

ಒಂದು ವಿಷಯ ಮಾತ್ರ ತಲೆಯಲ್ಲಿರಲಿ: ದೋಣಿ ಮತ್ತು ದಡದ ನಡುವೆ ನಿಲ್ಲಬೇಡಿ. ಹಿಂದಿನಿಂದ ಬರುವ ಅಲೆ ದೋಣಿಯನ್ನು ಎತ್ತಿ ಮುಂದಕ್ಕೆ ತಳ್ಳುತ್ತದೆ. ನೂರಾರು ಕಿಲೋ ತೂಕದ ದೋಣಿಯನ್ನು ಕೈಯಲ್ಲಿ ತಡೆಯಲು ಯಾರಿಂದಲೂ ಆಗಲ್ಲ. ಇಳಿದ ಕೂಡಲೇ ಪಕ್ಕಕ್ಕೆ ಸರಿದು, ಅಲ್ಲಿಂದ ದಡಕ್ಕೆ ನಡೆಯಿರಿ. ಕಾಲಲ್ಲಿ ಹಿಂದೆ ಪಟ್ಟಿ ಇರುವ ಗಟ್ಟಿ ಚಪ್ಪಲಿಯೋ ಹಳೇ ಶೂವೋ ಇರಲಿ. ಹವಾಯಿ ಚಪ್ಪಲಿ ಮೊದಲ ಅಲೆಗೇ ತೇಲಿಹೋಗುತ್ತದೆ. ಸಾಮಾನು ನೀರು ಒಳಹೋಗದ ಡ್ರೈ ಬ್ಯಾಗಿನಲ್ಲಿರಲಿ, ಎರಡೂ ಕೈ ಖಾಲಿ ಇರಲಿ.

ದೋಣಿಯವರ ಜೊತೆ ಮೊದಲೇ ಏನೇನು ಮಾತಾಡಿಕೊಳ್ಳಬೇಕು?

ವಾಪಸ್ ಕರೆದೊಯ್ಯುವ ಸಮಯ, ಅದು ಭರತದ ಹೊತ್ತಿಗೆ ಹೊಂದುತ್ತದೆಯಾ ಅನ್ನುವುದು. ಕಡಲು ಕೆಟ್ಟರೆ ದ್ವೀಪದ ಬೇರೆ ಯಾವ ಕಡೆ ಬಂದು ಹತ್ತಿಸಿಕೊಳ್ಳುತ್ತಾರೆ ಅನ್ನುವುದು. ಇಂಜಿನ್ ಕೈಕೊಟ್ಟರೆ ಇನ್ನೊಂದು ದೋಣಿ ಯಾರದ್ದು ಅನ್ನುವುದು. ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ಮಕ್ಕಳ ಅಳತೆಯದ್ದೂ ಇದೆಯಾ ಅಂತ ಕಣ್ಣಾರೆ ನೋಡಿ. ದುಡ್ಡು ಅರ್ಧ ಹೋಗುವಾಗ, ಅರ್ಧ ವಾಪಸ್ ಬಂದಮೇಲೆ. ಇದು ಅಪನಂಬಿಕೆಯ ಮಾತಲ್ಲ, ಎಲ್ಲ ಕಡೆ ನಡೆಯುವ ವ್ಯವಹಾರ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮನ್ನು ಬಿಟ್ಟು ದೋಣಿ ಹೊರಟುಹೋಗುವುದಾದರೆ, ನೀವು ಎಲ್ಲಿದ್ದೀರಿ ಅಂತ ದೋಣಿಯವರಿಗೆ ಮಾತ್ರ ಗೊತ್ತಿದ್ದರೆ ಸಾಲದು. ದಡದಲ್ಲಿರುವ ಇನ್ನೊಬ್ಬರಿಗೂ ಗೊತ್ತಿರಬೇಕು.

ನೀರು ಎಷ್ಟು ಬೇಕು? ಎಳನೀರು ಸಿಗಲ್ವಾ?

ಒಬ್ಬರಿಗೆ ದಿನಕ್ಕೆ 4–5 ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಒಂದು ದಿನಕ್ಕೆ ಹೋಗುವವರೂ ಎರಡು ದಿನದ್ದು ಒಯ್ಯಬೇಕು. ಸಣ್ಣ ಮರಳು ದ್ವೀಪಗಳಲ್ಲಿ ಹಳ್ಳ ತೊರೆ ಇರುವುದಿಲ್ಲ. ಮಳೆನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಗುಂಡಿ ತೋಡಿ ಕುಡಿಯುತ್ತೇನೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ.

ಎಳನೀರಿನ ಕಥೆ ಇಷ್ಟು: ಮರ ಹತ್ತಲು ಬರಬೇಕು, ಕತ್ತಿ ಇರಬೇಕು, ಕೆತ್ತಲು ಬರಬೇಕು. ಮೇಲಾಗಿ ಆ ಮರ ಯಾರದ್ದೋ ಇರುತ್ತದೆ. ಒಂದೆರಡು ಕುಡಿದರೆ ಹಿತ, ಅದನ್ನೇ ನಂಬಿ ಕೂತರೆ ಹೊಟ್ಟೆ ಕೆಡುತ್ತದೆ. ಎಷ್ಟೇ ಬಾಯಾರಿದರೂ ಸಮುದ್ರದ ನೀರು ಕುಡಿಯಬೇಡಿ. ಅದರ ಉಪ್ಪನ್ನು ಹೊರಹಾಕಲು ಮೈಯಲ್ಲಿರುವ ನೀರೇ ಖರ್ಚಾಗುತ್ತದೆ.

ಅಲ್ಲೇ ಮೀನು ಹಿಡಿದು ಸುಟ್ಟು ತಿನ್ನಬಹುದಾ?

ಊರಿನವರನ್ನು ಕೇಳದೆ ಬೇಡ. ಹವಳದ ದಿಬ್ಬದ ದೊಡ್ಡ ಬೇಟೆಮೀನುಗಳಲ್ಲಿ, ಬಾರಾಕುಡಾ, ಗ್ರೂಪರ್ ಥರದವುಗಳಲ್ಲಿ, ಸಿಗ್ವಟೆರಾ ಅನ್ನುವ ಕಾಯಿಲೆ ತರುವ ವಿಷ ಸೇರಿರಬಹುದು. ಪಾಚಿಯ ಮೇಲಿರುವ ಸೂಕ್ಷ್ಮಜೀವಿಯಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ದಾಟುತ್ತಾ ಅದು ಕೂಡಿಕೊಳ್ಳುತ್ತದೆ. ಬೇಯಿಸಿದರೂ ಹೋಗಲ್ಲ, ಹುರಿದರೂ ಹೋಗಲ್ಲ. ರುಚಿಯಲ್ಲಿ, ವಾಸನೆಯಲ್ಲಿ ಸುಳಿವೇ ಸಿಗಲ್ಲ. ತಿಂದವರಿಗೆ ವಾಂತಿ, ಭೇದಿ, ತುಟಿ ಜುಮ್ಮೆನ್ನುವುದು. ಕೆಲವರಿಗೆ ತಣ್ಣೀರು ಮುಟ್ಟಿದರೆ ಸುಟ್ಟಂತೆ ಅನ್ನಿಸುತ್ತದೆ. ಒಂದೇ ದ್ವೀಪದ ಒಂದು ಮಗ್ಗುಲ ಮೀನು ಸರಿಯಿದ್ದು, ಇನ್ನೊಂದು ಮಗ್ಗುಲದ್ದು ವಿಷವಾಗಿರುವುದೂ ಉಂಟು. ಅದು ಗೊತ್ತಿರುವುದು ಅಲ್ಲಿನ ಬೆಸ್ತರಿಗೆ ಮಾತ್ರ.

ನೀರು ಅಷ್ಟು ಶಾಂತವಾಗಿ ಕಾಣುತ್ತದಲ್ಲ, ಈಜಬಹುದಾ?

ಶಾಂತವಾಗಿ ಕಾಣುವ ಜಾಗವೇ ಕೆಲವೊಮ್ಮೆ ಅಪಾಯದ ಜಾಗ. ಎರಡು ಕಡೆ ಬಿಳಿ ನೊರೆ ಎದ್ದು ಅಲೆ ಒಡೆಯುತ್ತಿದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಇಲ್ಲ, ನೀರಿನ ಬಣ್ಣ ಸ್ವಲ್ಪ ಕಪ್ಪು ಅಂದರೆ, ದಡಕ್ಕೆ ಬಂದ ನೀರೆಲ್ಲ ವಾಪಸ್ ಕಡಲಿಗೆ ಓಡುತ್ತಿರುವ ದಾರಿ ಅದು. ಒಂದು ಒಣ ಎಲೆಯನ್ನೋ ತೆಂಗಿನ ಸಿಪ್ಪೆಯನ್ನೋ ಎಸೆದು ನೋಡಿ, ಎತ್ತ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಆ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಎದುರು ಈಜಬೇಡಿ. ಒಳ್ಳೆಯ ಈಜುಗಾರರೂ ಸೋಲುತ್ತಾರೆ. ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಕಡೆಯಿಂದ ಒಳಬನ್ನಿ.

ಹವಳದ ದಿಬ್ಬದೊಳಗಿನ ಲಗೂನು, ಅಂದರೆ ದಿಬ್ಬಕ್ಕೂ ದಡಕ್ಕೂ ನಡುವಿನ ನೀರು, ಸುರಕ್ಷಿತ ಅನ್ನಿಸುತ್ತದೆ, ಹೆಚ್ಚಾಗಿ ಅದು ನಿಜವೂ ಹೌದು. ಆದರೆ ಒಳಗಿನ ನೀರೆಲ್ಲ ಹೊರಹೋಗುವುದು ದಿಬ್ಬದಲ್ಲಿರುವ ಒಂದೆರಡು ಸಂದುಗಳಿಂದ. ಇಳಿತದ ಹೊತ್ತಿನಲ್ಲಿ ಅಲ್ಲಿ ನದಿಯಂತೆ ಸೆಳೆತ ಇರುತ್ತದೆ. ದೋಣಿ ಹೋಗಿಬರುವ ಸಂದಿನ ಹತ್ತಿರ ಈಜಲೇಬೇಡಿ. ಒಬ್ಬರೇ ನೀರಿಗೆ ಇಳಿಯಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ತಾನೇ.

ಶಾರ್ಕ್ ಇರುತ್ತಾ?

ಇರುತ್ತವೆ, ಹೆಚ್ಚಾಗಿ ನಿಮ್ಮನ್ನು ನೋಡಿ ಅವೇ ದೂರ ಹೋಗುತ್ತವೆ. ಶಾರ್ಕ್‌ಗಿಂತ ಉಪ್ಪುನೀರಿನ ಮೊಸಳೆಯ ಬಗ್ಗೆ ಕೇಳಿ. ಅಂಡಮಾನ್, ನ್ಯೂಗಿನಿ, ಸೊಲೊಮನ್ ದ್ವೀಪಗಳು, ಉತ್ತರ ಆಸ್ಟ್ರೇಲಿಯಾ ಇಲ್ಲೆಲ್ಲ ಅವು ಸಮುದ್ರದಲ್ಲೇ ಈಜಿಕೊಂಡು ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುತ್ತವೆ. ಕಾಂಡ್ಲಾ ಗಿಡ ಇರುವ ಕಡೆ, ಅಳಿವೆ ಇರುವ ಕಡೆ ನೀರಿಗೆ ಇಳಿಯಬೇಡಿ, ನೀರಿನ ಅಂಚಿನಲ್ಲಿ ಮೀನು ತೊಳೆಯಬೇಡಿ, ಕತ್ತಲಾದಮೇಲೆ ಅಲ್ಲಿ ಓಡಾಡಬೇಡಿ.

ಜೆಲ್ಲಿಫಿಶ್, ತೊರಕೆ, ಮುಳ್ಳು ಚುಚ್ಚಿದರೆ ಏನು ಮಾಡುವುದು?

ಕಾಲನ್ನು ಎತ್ತಿಡುವ ಬದಲು ಮರಳಿನ ಮೇಲೆ ಎಳೆದುಕೊಂಡು ನಡೆದರೆ ತೊರಕೆ ಮೀನು ಮೊದಲೇ ಎಚ್ಚೆತ್ತು ಸರಿದುಹೋಗುತ್ತದೆ. ಸ್ಟೋನ್‌ಫಿಶ್ ಸರಿಯುವುದಿಲ್ಲ, ಕಲ್ಲಿನ ಪಕ್ಕ ಕಲ್ಲಾಗಿಯೇ ಬಿದ್ದಿರುತ್ತದೆ. ಅದಕ್ಕೆ ಗಟ್ಟಿ ಅಟ್ಟೆಯ ಶೂ ಬೇಕು. ಈ ಎರಡರ ಮುಳ್ಳು ಚುಚ್ಚಿದರೆ ಮೊದಲ ಮದ್ದು ಬಿಸಿನೀರು, ಸುಮಾರು 45 ಡಿಗ್ರಿ. ಪೆಟ್ಟಾಗದ ಕೈಯಿಂದ ಮುಟ್ಟಿನೋಡಿ, ಸುಡದಷ್ಟು ಬಿಸಿಯಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು. ನಿರ್ಜನ ತೀರದಲ್ಲಿ ಬಿಸಿನೀರು ಎಲ್ಲಿಂದ ಬರುತ್ತದೆ ಅಂತ ಯಾರೂ ಯೋಚಿಸಿರುವುದಿಲ್ಲ. ದೊಡ್ಡ ಥರ್ಮಾಸ್‌ನಲ್ಲಿ ತುಂಬಿಕೊಂಡು ಹೋಗಿ. ಬೇಡವಾದರೆ ಸಂಜೆ ಚಹಾ ಆಯಿತು.

ಬಾಕ್ಸ್ ಜೆಲ್ಲಿಫಿಶ್ ಇರುವ ಕಡಲುಗಳಿಗೆ ಒಂದು ಬಾಟಲಿ ವಿನೆಗರ್ ಬೇಕೇ ಬೇಕು. ಕುಟುಕಿದ ಜಾಗಕ್ಕೆ ಕನಿಷ್ಠ 30 ಸೆಕೆಂಡು ಸುರಿಯಬೇಕು, ಆಮೇಲೆ ಎಳೆಗಳನ್ನು ತೆಗೆಯಬೇಕು. ಸಿಹಿನೀರಿನಿಂದ ತೊಳೆಯಬಾರದು, ಮರಳಿನಿಂದ ಉಜ್ಜಬಾರದು. ಎರಡೂ ಉಳಿದ ವಿಷಕೋಶಗಳನ್ನು ಸಿಡಿಸುತ್ತವೆ. ಮೂತ್ರ ಹೊಯ್ಯುವ ಉಪಾಯ ಬರೀ ಕಟ್ಟುಕಥೆ. ಉಸಿರಾಟ ತಪ್ಪಿದರೆ ಎದೆ ಒತ್ತುವ ಸಿಪಿಆರ್ ಗೊತ್ತಿರುವ ಒಬ್ಬರಾದರೂ ಗುಂಪಿನಲ್ಲಿರಬೇಕು.

ಚೆಂದದ ಶಂಕುವಿನಾಕಾರದ ಚಿಪ್ಪು ಕಂಡರೆ ಎತ್ತಿಕೊಳ್ಳಬೇಡಿ. ಒಳಗೆ ಜೀವ ಇದ್ದರೆ ವಿಷದ ಮುಳ್ಳು ಹೊರಬರುತ್ತದೆ, ಕೆಲವು ಜಾತಿಯದ್ದು ಮನುಷ್ಯನನ್ನು ಕೊಲ್ಲುವಷ್ಟು ಬಲವಾದ ವಿಷ. ಹವಳ ಗೀರಿದ ಗಾಯ ಸಣ್ಣದಾದರೂ ಅಸಡ್ಡೆ ಮಾಡಬೇಡಿ. ಕುಡಿಯುವ ನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಿರಿ. ಒಳಗೆ ಉಳಿದ ಪುಡಿ ಕೀವು ತರಿಸುತ್ತದೆ.

ಸೊಳ್ಳೆ ಕಾಟ?

ಸೊಳ್ಳೆಗಿಂತ ಸ್ಯಾಂಡ್‌ಫ್ಲೈ ಕಾಟ ಜಾಸ್ತಿ. ನೊರಜಿಗಿಂತಲೂ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗಲ್ಲ. ಮರುದಿನ ಕಾಲ ತುಂಬ ಕೆಂಪು ಗುಳ್ಳೆ, ವಾರಗಟ್ಟಲೆ ತುರಿಕೆ. ಬೆಳಗ್ಗೆ ಮತ್ತು ಸಂಜೆ, ಗಾಳಿ ನಿಂತಾಗ ಬರುತ್ತವೆ. ಆ ಹೊತ್ತಿಗೆ ಉದ್ದ ತೋಳು, ಉದ್ದ ಪ್ಯಾಂಟು, ಡೀಟ್ (ಕೀಟ ಓಡಿಸುವ ರಾಸಾಯನಿಕ) ಇರುವ ಮುಲಾಮು. ಬರಿಮರಳಿನ ಮೇಲೆ ಮಲಗಬೇಡಿ. ಮಾಮೂಲಿ ಸೊಳ್ಳೆಪರದೆಯ ಕಣ್ಣಿನಿಂದ ಇವು ಆರಾಮಾಗಿ ನುಸುಳುತ್ತವೆ, ತೀರಾ ಸಣ್ಣ ಕಣ್ಣಿನದ್ದು ಬೇಕು. ಮಲೇರಿಯಾ ಇರುವ ದ್ವೀಪವಾದರೆ ಹೊರಡುವ ಕೆಲವು ವಾರ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ.

ಮರದ ನೆರಳಲ್ಲಿ ಟವೆಲ್ ಹಾಸಬಹುದಾ?

ತೆಂಗಿನ ಮರದ ಕೆಳಗೆ ಬೇಡ, ಕಾರಣ ಹೇಳಬೇಕಾಗಿಲ್ಲ. ಕೆರಿಬಿಯನ್ ಕಡೆ ಹೋದರೆ ಮಾಂಚಿನೀಲ್ ಅನ್ನುವ ಮರವನ್ನು ಗುರುತು ಹಿಡಿಯಲು ಕಲಿತಿರಿ. ಕಡಲಂಚಿನಲ್ಲೇ ಬೆಳೆಯುತ್ತದೆ, ಹಸಿರು ಹಣ್ಣು, ನೋಡಲು ಪುಟ್ಟ ಸೇಬು, ಪರಿಮಳವೂ ಇದೆ. ಅದರ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಮಳೆ ಬಂತು ಅಂತ ಅದರಡಿ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೇ ಸಾಕು. ಕಟ್ಟಿಗೆ ಸುಟ್ಟರೆ ಹೊಗೆ ಕಣ್ಣಿಗೆ ಹಾನಿ. ಜನ ಓಡಾಡುವ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ನಿರ್ಜನ ತೀರದಲ್ಲಿ ಬಣ್ಣ ಬಳಿಯುವವರು ಯಾರು?

ರಾತ್ರಿ ಅಲ್ಲೇ ಉಳಿಯಬಹುದಾ?

ಅನುಮತಿ ಇದ್ದರೆ ಉಳಿಯಿರಿ, ನನಗೆ ಕೇಳಿದರೆ ಹಗಲಿಗಿಂತ ರಾತ್ರಿಯೇ ಚೆನ್ನ. ಒಂದೇ ಕಷ್ಟ, ಅಲ್ಲಿ ಸಂಜೆ ಅನ್ನುವುದು ತೀರಾ ಚಿಕ್ಕದು. ಭೂಮಧ್ಯರೇಖೆಯ ಹತ್ತಿರ ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಕತ್ತಲು. ಡೇರೆ, ಅಡುಗೆ, ಕಟ್ಟಿಗೆ ಎಲ್ಲ ಬೆಳಕಿರುವಾಗಲೇ ಮುಗಿಸಿ.

ಡೇರೆ ಹಾಕುವ ಮುಂಚೆ ಮರಳಿನ ಮೇಲೆ ಒಣಗಿದ ಪಾಚಿ, ಕಡ್ಡಿ, ಸಿಪ್ಪೆಯ ಸಾಲು ಎಲ್ಲಿದೆ ನೋಡಿ. ಭರತ ಬಂದು ನಿಂತ ಗೆರೆ ಅದು. ಅಂಥ ಎರಡು ಮೂರು ಸಾಲು ಕಾಣುತ್ತವೆ. ಎಲ್ಲಕ್ಕಿಂತ ಮೇಲಿನ ಸಾಲಿಗೂ ಮೇಲೆ, ಬಳ್ಳಿ ಹಬ್ಬಲು ಶುರುವಾದ ಕಡೆ ಹಾಕಿ. ಹುಣ್ಣಿಮೆ ಅಮಾವಾಸ್ಯೆಯ ರಾತ್ರಿಯಾದರೆ ಇನ್ನೂ ಸ್ವಲ್ಪ ಮೇಲೆ.

ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ದ್ವೀಪಗಳಲ್ಲಿ ತೆಂಗಿನ ಏಡಿ ಇರುತ್ತದೆ. ನೆಲದ ಮೇಲೆ ಬದುಕುವ ಕೀಲುಗಾಲಿನ ಜೀವಿಗಳಲ್ಲೇ, ಅಂದರೆ ಏಡಿ, ಕೀಟ, ಜೇಡಗಳ ಬಳಗದಲ್ಲೇ, ಅತಿ ದೊಡ್ಡದು, 4 ಕಿಲೋವರೆಗೆ ತೂಗುತ್ತದೆ, ಕಾಲು ಚಾಚಿದರೆ ಹತ್ತಿರ ಹತ್ತಿರ ಒಂದು ಮೀಟರ್. ಮರ ಹತ್ತುತ್ತದೆ, ತೆಂಗಿನಕಾಯಿ ಒಡೆಯುತ್ತದೆ. ನಿಮಗೇನೂ ಮಾಡಲ್ಲ, ಆದರೆ ಹೊರಗಿಟ್ಟ ಚಪ್ಪಲಿ, ಪಾತ್ರೆ, ಆಹಾರದ ಚೀಲ ಬೆಳಗಾಗುವುದರೊಳಗೆ ಪೊದೆ ಸೇರಿರುತ್ತದೆ. ಅದನ್ನು ಹಿಡಿಯುವುದು, ತಿನ್ನುವುದು ಹಲವು ಕಡೆ ಅಪರಾಧ. ಭಾರತದಲ್ಲೂ ಅದಕ್ಕೆ ಕಾನೂನಿನ ರಕ್ಷಣೆ ಇದೆ.

ಕಡಲಾಮೆ ಮೊಟ್ಟೆ ಇಡಲು ಬಂದರೆ?

ಬೆಳಗ್ಗೆ ಮರಳಿನ ಮೇಲೆ ಟ್ರ್ಯಾಕ್ಟರ್ ಗಾಲಿ ಹೋದಂಥ ಗುರುತು ನೀರಿನಿಂದ ಮೇಲಕ್ಕೆ ಹೋಗಿ ವಾಪಸ್ ಬಂದಿದ್ದರೆ, ರಾತ್ರಿ ಆಮೆ ಬಂದಿತ್ತು ಅಂತ ಲೆಕ್ಕ. ಆ ಜಾಗ ಬಿಟ್ಟು ದೂರ ಇರಿ. ಒಂದೊಂದು ಗೂಡಿನಲ್ಲೂ ಸುಮಾರು ನೂರು ಮೊಟ್ಟೆ ಇರುತ್ತವೆ. ಮೇಲೆ ಬೆಂಕಿ ಹಾಕಿದರೆ ಅಷ್ಟೂ ಹೋದವು. ಆಮೆ ಮರಿ ಹೆಣ್ಣೋ ಗಂಡೋ ಅನ್ನುವುದನ್ನು ಕೂಡ ಮರಳಿನ ಬಿಸಿಯೇ ನಿರ್ಧರಿಸುತ್ತದೆ, ಜಾಸ್ತಿ ಬಿಸಿಯಾದರೆ ಹೆಣ್ಣು ಮರಿಗಳು ಹೆಚ್ಚು.

ರಾತ್ರಿ ಎದುರಿಗೇ ಬಂದರೆ ಟಾರ್ಚ್ ಆರಿಸಿ, ಅಲ್ಲಾಡದೆ ಕೂತುಬಿಡಿ. ನೀರಿನಿಂದ ಹತ್ತಿ ಬರುವಾಗ ಅದು ತೀರಾ ಹೆದರಿಕೆಯಲ್ಲಿರುತ್ತದೆ. ನೆರಳು ಅಲ್ಲಾಡಿದರೂ ಮೊಟ್ಟೆ ಇಡದೆ ತಿರುಗಿ ಹೋಗುತ್ತದೆ. ನಾಲ್ಕು ಹೆಜ್ಜೆ ಇಟ್ಟು, ನಿಂತು, ದೊಡ್ಡದಾಗಿ ಉಸಿರು ಬಿಟ್ಟು ಮತ್ತೆ ಮುಂದೆ ಬರುತ್ತದೆ. ಆ ಉಸಿರು ನಿಮಗೆ ಕೇಳಿಸುತ್ತದೆ. ಫ್ಲ್ಯಾಶ್ ಹಾಕಿ ಫೋಟೋ ತೆಗೆಯುವುದು ಬೇಡವೇ ಬೇಡ. ಮರಿಗಳು ಬೆಳಕಿದ್ದ ಕಡೆಗೆ ಹೋಗುತ್ತವೆ. ಕಡಲಿನ ಮೇಲಿನ ಮಬ್ಬು ಬೆಳಕು ಅವುಗಳ ದಾರಿ, ನಿಮ್ಮ ಡೇರೆಯ ದೀಪ ಆ ದಾರಿ ತಪ್ಪಿಸುತ್ತದೆ. ಹಗಲಲ್ಲಿ ಮಕ್ಕಳು ತೋಡಿದ ಗುಂಡಿಗಳನ್ನೂ ಮುಚ್ಚಿಬಿಡಿ, ಮರಿಗಳು ಅದರಲ್ಲಿ ಬಿದ್ದರೆ ಮೇಲೆ ಹತ್ತಲಾರವು.

ಫೋನ್ ಸಿಗ್ನಲ್?

ಇಲ್ಲ ಅಂದುಕೊಂಡೇ ಹೊರಡಿ. 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುವ ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಅನ್ನುವ ಸಣ್ಣ ತುರ್ತು ಬೀಕನ್ ಸಿಗುತ್ತದೆ. ಒಂದೇ ಗುಂಡಿ, ತಿಂಗಳ ಬಾಡಿಗೆ ಇಲ್ಲ, ಆದರೆ ಮುಂಚೆಯೇ ನೋಂದಣಿ ಮಾಡಿಸಿರಬೇಕು. ಸ್ಯಾಟಲೈಟ್ ಫೋನ್ ಒಯ್ಯುವವರು ಆ ದೇಶದ ಕಾನೂನು ನೋಡಿಕೊಳ್ಳಿ. ಭಾರತದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಂಡರೆ ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿದ ಪ್ರಕರಣಗಳಿವೆ. ಇವೇನೂ ಇಲ್ಲದಿದ್ದರೂ ಒಂದು ಸೀಟಿ, ಒಂದು ಕನ್ನಡಿ ಇರಲಿ. ಬಿಸಿಲಿಗೆ ಹಿಡಿದ ಕನ್ನಡಿಯ ಮಿಂಚು ಹತ್ತಾರು ಕಿಲೋಮೀಟರ್ ದೂರಕ್ಕೆ ಕಾಣುತ್ತದೆ.

ಸುನಾಮಿ ಬಂದರೆ ಎಚ್ಚರಿಕೆ ಯಾರು ಕೊಡುತ್ತಾರೆ?

ನೆಲವೇ ಕೊಡುತ್ತದೆ. ನಿಲ್ಲಲು ಕಷ್ಟವಾಗುವಷ್ಟು ಜೋರಾಗಿ, ಅಥವಾ ತುಂಬಾ ಹೊತ್ತು ನೆಲ ನಡುಗಿತು ಅಂದರೆ, ಇಲ್ಲವೇ ಕಡಲು ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿಯಿತು ಅಂದರೆ, ಸಾಮಾನು ಬಿಟ್ಟು ಎತ್ತರಕ್ಕೆ ಓಡಿ. ಸುಮಾತ್ರಾ ಬಳಿಯ ಸಿಮೆಲುಯೆ ದ್ವೀಪದಲ್ಲಿ 1907ರ ಸುನಾಮಿಯ ಕಥೆಯನ್ನು ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಾ ಬಂದಿದ್ದರು. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರ ಇದ್ದರೂ, ನೆಲ ನಡುಗಿದ ಕೂಡಲೇ ಜನ ಗುಡ್ಡ ಹತ್ತಿದರು. ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳು. ದೋಣಿಯಿಂದ ಇಳಿದ ಕೂಡಲೇ ಎತ್ತರದ ಜಾಗ ಯಾವ ಕಡೆ ಇದೆ ಅಂತ ಒಮ್ಮೆ ನೋಡಿಟ್ಟುಕೊಳ್ಳಿ. ಮೊದಲ ಅಲೆ ಹೋಯಿತು ಅಂತ ಇಳಿದು ಬರಬೇಡಿ, ಆಮೇಲಿನವು ಇನ್ನೂ ದೊಡ್ಡದಿರಬಹುದು.

ಜನರೇ ಇಲ್ಲದ ಕಡೆ ಪ್ಲಾಸ್ಟಿಕ್ ಯಾಕೆ ಬಿದ್ದಿರುತ್ತದೆ?

ಚಿತ್ರದಲ್ಲಿ ನೋಡಿದ ಬಿಳಿ ಮರಳಿಗೆ ಆಸೆಪಟ್ಟು ಹೋದವರಿಗೆ ಇದು ನಿಜವಾಗಲೂ ಪೆಟ್ಟು. ದಕ್ಷಿಣ ಪೆಸಿಫಿಕ್‌ನ ಹೆಂಡರ್ಸನ್ ದ್ವೀಪದಲ್ಲಿ ಯಾರೂ ವಾಸ ಇಲ್ಲ, ದೊಡ್ಡ ಊರು ಅನ್ನುವುದು 5,000 ಕಿಲೋಮೀಟರ್‌ಗೂ ದೂರ. ಅಲ್ಲಿ 2015ರಲ್ಲಿ ಲೆಕ್ಕ ಹಾಕಿದಾಗ ಸುಮಾರು 3.77 ಕೋಟಿ ಚೂರು ಕಸ ಇದೆ ಅಂತ ಅಂದಾಜಾಯಿತು. ಕಡಲ ಪ್ರವಾಹಗಳು ದೊಡ್ಡ ವೃತ್ತದಲ್ಲಿ ಸುತ್ತುತ್ತಾ, ಸಿಕ್ಕಿದ್ದನ್ನೆಲ್ಲ ದಾರಿಯಲ್ಲಿರುವ ದ್ವೀಪದ ಮೇಲೆ ಎಸೆಯುತ್ತವೆ. ಬಾಚುವವರಿಲ್ಲದ್ದರಿಂದ ಅಲ್ಲೇ ಉಳಿಯುತ್ತದೆ. ರೆಸಾರ್ಟಿನ ತೀರ ಶುಭ್ರವಾಗಿ ಕಾಣುವುದು ದಿನಾ ಬೆಳಗ್ಗೆ ಯಾರೋ ಗುಡಿಸುವುದರಿಂದ. ನಿಮ್ಮ ಕಸ ವಾಪಸ್ ತನ್ನಿ. ಒಂದು ಖಾಲಿ ಗೋಣಿಚೀಲ ಇದ್ದರೆ ಅಲ್ಲಿನದ್ದನ್ನೂ ಸ್ವಲ್ಪ ತನ್ನಿ, ದೋಣಿಯವರು ಜಾಗ ಇದ್ದರೆ ಬೇಡ ಅನ್ನಲ್ಲ.

ಶೌಚಕ್ಕೆ?

ನೀರಿನಿಂದ 60 ಮೀಟರ್ ದೂರ, ಒಂದು ಗೇಣು ಆಳದ ಗುಂಡಿ, ಮುಗಿದಮೇಲೆ ಮಣ್ಣು. ಪೇಪರ್, ಪ್ಯಾಡ್ ಎಲ್ಲ ಚೀಲದಲ್ಲಿ ವಾಪಸ್.

ನೆನಪಿಗೆ ಚಿಪ್ಪು, ಹವಳದ ತುಂಡು ತರಬಹುದಾ?

ಬೇಡ. ಗಟ್ಟಿ ಹವಳ, ದೈತ್ಯ ಕಪ್ಪೆಚಿಪ್ಪು ಇವೆಲ್ಲ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ, ಗಡಿ ದಾಟಿಸಲು ಪರವಾನಗಿ ಬೇಕು. ಖಾಲಿ ಚಿಪ್ಪು ಕೂಡ ಖಾಲಿ ಅಲ್ಲ, ಸನ್ಯಾಸಿ ಏಡಿಗೆ ಅದು ಮನೆ. ಮರಳಿನ ಬಗ್ಗೆ ಒಂದು ಮಾತು: ಹವಳದ ದ್ವೀಪದ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಗಿಳಿಮೀನು ಹವಳ ಕಚ್ಚಿ, ಅರೆದು, ಹಿಂದಿನಿಂದ ಬಿಟ್ಟದ್ದು. ಸೀಸೆಯಲ್ಲಿ ತುಂಬಿಕೊಳ್ಳುವ ಆಸೆ ಇದ್ದವರಿಗೆ ಇದನ್ನು ಹೇಳಿದರೆ ಸಾಮಾನ್ಯವಾಗಿ ಆಸೆ ಹೋಗುತ್ತದೆ.

ಸನ್‌ಸ್ಕ್ರೀನ್ ಯಾವುದು?

ಪಲಾವ್ ದೇಶ 2020ರ ಜನವರಿಯಿಂದ ಹವಳಕ್ಕೆ ಹಾನಿ ಅಂತ ಕೆಲವು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ನಿಷೇಧಿಸಿದೆ. ಹವಾಯಿ 2021ರಿಂದ ಆಕ್ಸಿಬೆಂಜೋನ್, ಆಕ್ಟಿನೊಕ್ಸೇಟ್ ಇರುವುದರ ಮಾರಾಟ ನಿಲ್ಲಿಸಿದೆ. ಜಿಂಕ್ ಆಕ್ಸೈಡ್‌ನದ್ದು ಒಯ್ಯಿರಿ. ಅದಕ್ಕಿಂತ ಉದ್ದ ತೋಳಿನ ಈಜುಡುಗೆ, ಅಗಲ ಟೋಪಿ ವಾಸಿ. ಮೋಡ ಇದ್ದರೂ ಸುಡುತ್ತದೆ, ನೀರಿನಲ್ಲಿ ಮುಖ ಕೆಳಗೆ ಹಾಕಿ ತೇಲುವವರ ಬೆನ್ನು ಎಲ್ಲಕ್ಕಿಂತ ಮೊದಲು.

ಫೋಟೋ ಹಾಕುವಾಗ ಜಾಗದ ಹೆಸರು ಹಾಕಬಹುದಾ?

ನಾನು ಹಾಕುವುದಿಲ್ಲ, ಕೇಳಿದವರಿಗೆ ದ್ವೀಪಸಮೂಹದ ಹೆಸರು ಹೇಳಿ ಸುಮ್ಮನಾಗುತ್ತೇನೆ. ಥಾಯ್ಲೆಂಡಿನ ಮಾಯಾ ಬೇ ಒಂದು ಕಾಲಕ್ಕೆ ಇಂಥದ್ದೇ ಮೂಲೆಯ ಕೊಲ್ಲಿ. ಹೆಸರು ಹಬ್ಬಿದಮೇಲೆ ದಿನಕ್ಕೆ ಸುಮಾರು ಐದು ಸಾವಿರ ಜನ ಬರತೊಡಗಿದರು. ಲಂಗರು ಬಿದ್ದು ಬಿದ್ದು ಹವಳ ಪುಡಿಯಾಯಿತು. 2018ರ ಜೂನ್‌ನಲ್ಲಿ ಮುಚ್ಚಿದ್ದು, ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ನಿಲ್ಲಬೇಕು. ಮುಚ್ಚಿದ್ದ ಕಾಲದಲ್ಲಿ ಕಪ್ಪು ತುದಿಯ ಶಾರ್ಕ್‌ಗಳು ತಾವಾಗಿ ವಾಪಸ್ ಬಂದಿದ್ದವು.

ಚಿಕ್ಕ ಮಕ್ಕಳನ್ನು, ವಯಸ್ಸಾದವರನ್ನು ಕರೆದೊಯ್ಯಬಹುದಾ?

ಒಳ್ಳೆಯ ಹವಾಮಾನದಲ್ಲಿ, ಹತ್ತಿರದ ದ್ವೀಪಕ್ಕೆ, ಹಗಲು ಹೊತ್ತಿಗೆ ಹೋಗಿಬರುವುದಾದರೆ ಧಾರಾಳವಾಗಿ. ಅಲೆಯಲ್ಲಿ ದೋಣಿಯಿಂದ ಇಳಿಯಲು ಆಗುತ್ತಾ ಅನ್ನುವುದೇ ಪರೀಕ್ಷೆ. ಆಸ್ಪತ್ರೆ ಎಷ್ಟು ಗಂಟೆ ದೂರ ಅಂತ ಕೇಳಿಕೊಳ್ಳಿ, ಕಿಲೋಮೀಟರ್ ಲೆಕ್ಕ ಬೇಡ. ಕಡಲು ಕೆಟ್ಟ ದಿನ ಹತ್ತು ಕಿಲೋಮೀಟರ್ ಅಂದರೆ ಒಂದು ದಿನವೂ ಆಗಬಹುದು. ಹೃದಯದ ತೊಂದರೆ, ಉಬ್ಬಸ ಇದ್ದವರು ಔಷಧಿಯನ್ನು ಎರಡು ಚೀಲಗಳಲ್ಲಿ ಹಂಚಿಡಿ. ವಿಮೆ ಮಾಡಿಸುವಾಗ ದ್ವೀಪದಿಂದ ಹೆಲಿಕಾಪ್ಟರ್‌ನಲ್ಲೋ ದೋಣಿಯಲ್ಲೋ ಸಾಗಿಸುವ ಖರ್ಚೂ ಸೇರಿದೆಯಾ ಅಂತ ಓದಿ ನೋಡಿ.

ಹೇಳಿದ ಹೊತ್ತಿಗೆ ದೋಣಿ ಬರಲೇ ಇಲ್ಲ ಅಂದ್ರೆ?

ಮೊದಲು ಭರತದ ಪಟ್ಟಿ ನೋಡಿ. ನೀರು ಇಳಿದಿದ್ದರೆ ದೋಣಿ ದಿಬ್ಬದ ಹೊರಗೆ ಕಾಯುತ್ತಿರಬಹುದು, ಇಲ್ಲವೇ ಮುಂದಿನ ಭರತಕ್ಕೆ ಬರಬಹುದು. ಗಾಳಿ ಎದ್ದಿದ್ದರೆ ಮಾತಾಡಿಕೊಂಡಿದ್ದ ಇನ್ನೊಂದು ಮಗ್ಗುಲಿಗೆ ಹೋಗಿ ನೋಡಿ, ಆದರೆ ಇಳಿದ ತೀರದಲ್ಲಿ ಮರಳಿನ ಮೇಲೆ ದೊಡ್ಡ ಬಾಣದ ಗುರುತು ಹಾಕಿ ಹೋಗಿ. ಗುಂಪು ಒಡೆಯಬೇಡಿ. ಉಳಿದ ನೀರು ಎಷ್ಟಿದೆ ಅಂತ ಒಬ್ಬರು ಲೆಕ್ಕ ಇಟ್ಟುಕೊಳ್ಳಲಿ, ಬಿಸಿಲಿರುವಾಗ ನೆರಳಲ್ಲಿ ಕುಳಿತಿರಿ, ಕೆಲಸವೆಲ್ಲ ತಂಪು ಹೊತ್ತಿಗೆ. ಎದುರಿಗೆ ಕಾಣುವ ದ್ವೀಪಕ್ಕೆ ಈಜಿ ಹೋಗುವ ಯೋಚನೆ ಬೇಡ. ನೀರಿನ ಮೇಲೆ ದೂರ ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ನಡುವಿನ ಸೆಳೆತ ಕಾಣುವುದಿಲ್ಲ.

ಕತ್ತಲಾಗುವ ಒಂದು ಗಂಟೆ ಮುಂಚೆ ರಾತ್ರಿ ಇಲ್ಲೇ ಅಂತ ತೀರ್ಮಾನ ಮಾಡಿ, ಮೇಲಿನ ಗೆರೆಗಿಂತ ಮೇಲೆ ಜಾಗ ಮಾಡಿಕೊಳ್ಳಿ. ರಾತ್ರಿ ಹವಳದ ದಿಬ್ಬ ದಾಟಿ ಬರುವ ದೋಣಿಯವರು ಬಹಳ ಕಡಿಮೆ, ಹಾಗೆ ಬರಲಿ ಅಂತ ನೀವೂ ಬಯಸಬೇಡಿ. ಯಾರಿಗಾದರೂ ಜೀವಕ್ಕೆ ತೊಂದರೆ ಇದ್ದರೆ ಮಾತ್ರ ಬೀಕನ್ ಒತ್ತಿ, ಒತ್ತಿದಮೇಲೆ ಆರಿಸಬೇಡಿ, ಆಕಾಶ ತೆರೆದಿರುವ ಕಡೆ ಇಟ್ಟಿರಿ. ಬೆಳಗ್ಗಿನ ಭರತಕ್ಕೆ ಅರ್ಧ ಗಂಟೆ ಮುಂಚೆ ಸಾಮಾನು ಕಟ್ಟಿ, ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆಯನ್ನು ಕೋಲಿಗೆ ಕಟ್ಟಿ, ನೀರಿನ ಹತ್ತಿರ ನೆಟ್ಟಿರಿ.